ಎಂಜಿನ್ ಬದಲಾದ ಜೀಪಿಗೆ ಹೊಸ ಮೀಟರು



ಚಿತ್ತಾಪುರ, ಸೇಡಂ, ಚಿಂಚೋಳಿಯ ಕಡೆ ನೀವು ಯಾವ ದಾರಿ ಹಿಡಿದರೂ ಟ್ರ್ಯಾಕ್ಟರುಗಳ ನಡುವೆ ಒಂದೊಂದು ಹಳೆಯ ಜೀಪು ಕಣ್ಣಿಗೆ ಬೀಳುವುದುಂಟು. ಮಳೆಗಾಲದಲ್ಲಿ ನಮ್ಮ ಎರೆ ಹೊಲದ ದಾರಿಯಲ್ಲಿ ಬೇರೆ ಗಾಡಿಗಳು ಹೂತು ನಿಂತಾಗ ನಾಲ್ಕು ಗಾಲಿಗೂ ಬಲ ಕೊಡುವ ಜೀಪು ಹೇಗೋ ದಾಟಿ ಬರುತ್ತದೆ. ಶಹಾಬಾದದ ಪರ್ಸಿ ಕಲ್ಲಿನ ಗಣಿಗಳ ದಾರಿಗೂ, ಕುಂಚಾವರಂ ಕಡೆಯ ಕಾಡು ದಾರಿಗೂ ಅದು ಒಗ್ಗಿದ ಗಾಡಿ. ತೊಗರಿ ಚೀಲ ಹೇರಲಿಕ್ಕೂ ಅದೇ, ಬಾಣಂತಿಯನ್ನು ದವಾಖಾನೆಗೆ ಒಯ್ಯಲಿಕ್ಕೂ ಅದೇ.

ಈ ಜೀಪುಗಳು ನಮ್ಮ ದೇಶಕ್ಕೆ ಹೊಸವಲ್ಲ. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಕಂಪನಿಯವರು ಅಮೆರಿಕದ ವಿಲ್ಲಿಸ್ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸಲು ಪ್ರಾರಂಭಿಸಿದರು. ಮೊದಲು ಬಂದವು ಪೆಟ್ರೋಲ್ ಎಂಜಿನ್ನುಗಳು. ಮುಂದೆ ಡೀಸೆಲ್ ಎಂಜಿನ್ನುಗಳು ಬಂದವು. ಜೀಪಿನ ಚಾಸಿ ಗಟ್ಟಿ, ಎಂಜಿನ್ನು ಮಾತ್ರ ಸವೆಯುತ್ತದೆ. ಆದ್ದರಿಂದ ಹಳೆಯ ಎಂಜಿನ್ನು ಇಳಿಸಿ ಬೇರೊಂದು ಹೊಸ ಡೀಸೆಲ್ ಎಂಜಿನ್ನು ಕೂಡಿಸುವ ರೂಢಿ ಬೆಳೆದಿದೆ. ಹೀಗೆ ಎಂಜಿನ್ನು ಬದಲಾದ ಜೀಪಿನಲ್ಲಿ ಮೊದಲು ಕೆಡುವ ವಸ್ತು ಯಾವುದು ಗೊತ್ತೇ? ಚಾಲಕನ ಕಣ್ಣೆದುರಿಗೇ ಇರುವ ವೇಗದ ಮೀಟರು. ಆ ಮೀಟರು ತೆಗೆದು ವಿದ್ಯುತ್ತಿನ ಮೀಟರು ಹಾಕುವುದು ಹೇಗೆ, ಹಾಕಿದ ಮೇಲೆ ಅದಕ್ಕೆ ಸರಿಯಾದ ಲೆಕ್ಕ ಕಲಿಸುವುದು ಹೇಗೆ ಎಂಬ ವಿಷಯವಾಗಿ ಈ ದಿನ ನಾಲ್ಕು ಮಾತುಗಳನ್ನಾಡಬೇಕೆಂದಿದ್ದೇನೆ.

ಮೊದಲು ಒಬ್ಬ ರೈತರ ಸಂಗತಿ ಹೇಳುತ್ತೇನೆ. ಚಿತ್ತಾಪುರ ತಾಲ್ಲೂಕಿನವರು, ಹೆಸರು ಬೇಡ. ಅವರು ಹಳೆಯ ಜೀಪೊಂದನ್ನು ಕೊಂಡು ಡೀಸೆಲ್ ಎಂಜಿನ್ನು ಕೂಡಿಸಿದರು. ಹೊಸ ಎಂಜಿನ್ನಿಗೆ ಹೊಂದಲೆಂದು ಹಿಂದಿನ ಮುಂದಿನ ಎರಡೂ ಅಚ್ಚಿನ ಕ್ರೌನ್ ಪಿನಿಯನ್ ಬದಲಾಯಿಸಿದರು. ಕೆಸರಿಗೆ ಒಳ್ಳೆಯದೆಂದು ದೊಡ್ಡ ಟೈರು ಹಾಕಿಸಿದರು. ಮೀಟರಿನ ಕೇಬಲ್ಲು ಮೊದಲಿದ್ದ ಕಡೆಯೇ ಇತ್ತು, ಮುಳ್ಳು ಓಡಾಡುತ್ತಿತ್ತು. ಆದ್ದರಿಂದ ಅದರ ಬಗ್ಗೆ ಯಾರೂ ಯೋಚಿಸಲಿಲ್ಲ.

ಆ ರೈತರು ನಿಧಾನದ ಮನುಷ್ಯರು. ರಾತ್ರಿ ಹೊತ್ತು 50 ಕಿಲೋಮೀಟರಿನ ಮೇಲೆ ಮುಳ್ಳು ಏರಗೊಡುತ್ತಿರಲಿಲ್ಲ. ಒಂದು ರಾತ್ರಿ ಮನೆಮಂದಿಯನ್ನೆಲ್ಲ ಕೂಡಿಸಿಕೊಂಡು ಸೇಡಂ ಕಡೆಯಿಂದ ಊರಿಗೆ ಮರಳುತ್ತಿದ್ದರು. ಎದುರಿಗೆ ತೊಗರಿ ಕಟ್ಟಿಗೆ ಹೇರಿದ ಬಂಡಿ, ಹಿಂದೆ ದೀಪವಿಲ್ಲ. ಕಂಡ ಕೂಡಲೇ ಬ್ರೇಕು ತುಳಿದರು. ಎಷ್ಟೋ ವರ್ಷ ಓಡಿಸಿದ ಅಂದಾಜಿನ ಮೇಲೆ ಅಲ್ಲಿ ನಿಲ್ಲಬೇಕಾಗಿದ್ದ ಜೀಪು ನಿಲ್ಲಲಿಲ್ಲ. ಬಂಡಿಯನ್ನು ತಪ್ಪಿಸಲು ಹೋಗಿ ಜೀಪು ತಗ್ಗಿಗೆ ಇಳಿಯಿತು. ಎತ್ತುಗಳು ಉಳಿದವು, ಬಂಡಿಯವನೂ ಉಳಿದ. ಆದರೆ ಜೀಪಿನಲ್ಲಿದ್ದ ಅವರ ವೃದ್ಧ ತಾಯಿಯ ಕೈ ಮುರಿಯಿತು.

"ಮೀಟರು 50ರಾಗೇ ಇತ್ತರಿ, ನಾ ಕಣ್ಣಾರೆ ನೋಡೀನಿ" ಎಂದು ಅವರು ಎಲ್ಲರಿಗೂ ಹೇಳುತ್ತಿದ್ದರು. ಅವರು ಹೇಳಿದ್ದು ಸುಳ್ಳಲ್ಲ. ಸುಳ್ಳು ಹೇಳಿದ್ದು ಮೀಟರು.

ಕಾಲೇಜಿಗೆ ಹೋಗುವ ಅವರ ಮಗಳು ಇದನ್ನು ಕಂಡುಹಿಡಿದಳು. ಜೀಪು ದುರಸ್ತಿಯಾದ ಮೇಲೆ ಒಂದು ಮುಂಜಾನೆ ತಂದೆಯ ಪಕ್ಕದಲ್ಲಿ ಕುಳಿತು, ಕೈಯಲ್ಲಿ ಗಡಿಯಾರ ಹಿಡಿದು, ಒಂದು ಕಿಲೋಮೀಟರ್ ಕಲ್ಲಿನಿಂದ ಮುಂದಿನ ಕಲ್ಲಿನವರೆಗೆ ಹೊತ್ತು ಎಣಿಸಿದಳು.

"ಯಪ್ಪಾ, ಮೀಟರು 50 ಅಂತದ. ಹಂಗಿದ್ರ ಕಲ್ಲಿನಿಂದ ಕಲ್ಲಿಗೆ 72 ಸೆಕೆಂಡು ಹಿಡೀಬೇಕು. ನಮಗ 61 ಸೆಕೆಂಡಿಗೇ ಕಲ್ಲು ಬಂತು."

"ಹಂಗಂದ್ರ?"

"ಹಂಗಂದ್ರ ನೀ 59ರಾಗ ಹೊಂಟೀದಿ, ಯಪ್ಪಾ."

ಒಂಬತ್ತು ಕಿಲೋಮೀಟರು ಏನು ಮಹಾ ಎಂದು ನೀವು ಕೇಳಬಹುದು. ಬ್ರೇಕಿನ ಲೆಕ್ಕವೇ ಬೇರೆ. ವೇಗ ಎರಡು ಪಟ್ಟಾದರೆ ಬ್ರೇಕು ಹಿಡಿದ ಮೇಲೆ ಗಾಡಿ ಸಾಗುವ ದೂರ ನಾಲ್ಕು ಪಟ್ಟಾಗುತ್ತದೆ. 50ರ ಬದಲು 59 ಇದ್ದರೆ ಆ ದೂರ ಸುಮಾರು 1.4 ಪಟ್ಟಾಗುತ್ತದೆ. ಅಂದರೆ 20 ಮೀಟರಿನಲ್ಲಿ ನಿಲ್ಲುವ ಜೀಪು 28 ಮೀಟರಿಗೆ ನಿಲ್ಲುತ್ತದೆ. ನಡುವಿನ 8 ಮೀಟರಿನಲ್ಲಿ ಒಂದು ಬಂಡಿಯೂ ಜೋಡೆತ್ತೂ ಹಿಡಿಯುತ್ತವೆ.

ಇನ್ನೊಂದು ಮಾತು. ಹಳೆಯ ಎಂಜಿನ್ನು 50ಕ್ಕೆ ಬಂದಾಗಲೇ ಗೊರಗುಟ್ಟುತ್ತಿತ್ತು. ಚಾಲಕನ ಕಿವಿಯೇ ಅವನಿಗೆ ಮೀಟರಾಗಿತ್ತು. ಹೊಸ ಎಂಜಿನ್ನಿಗೆ ಐದು ಗೇರು ಇದ್ದರೆ ಅದೇ ಸದ್ದಿನಲ್ಲಿ ಜೀಪು ಇನ್ನಷ್ಟು ಜೋರಾಗಿ ಹೋಗುತ್ತದೆ. ಎಂಜಿನ್ನು ಹೊಸದು, ಬ್ರೇಕು ಹಳೆಯದು, ಕಿವಿಯ ಅಂದಾಜು ಹಳೆಯದು. ಹೀಗಿರುವಾಗ ಮೀಟರೂ ತಪ್ಪಾದರೆ ಚಾಲಕನಿಗೆ ಆಧಾರವೇ ಉಳಿಯಲಿಲ್ಲ. ಪೇಟೆಯಲ್ಲಿ ಸುಳ್ಳು ತಕ್ಕಡಿ ನಮ್ಮ ರೊಕ್ಕ ತಿನ್ನುತ್ತದೆ. ಜೀಪಿನಲ್ಲಿ ಸುಳ್ಳು ಮೀಟರು ನಮ್ಮ ಪ್ರಾಣಕ್ಕೇ ಬರುತ್ತದೆ.

ಇನ್ನು ಮೀಟರು ಕೆಲಸ ಮಾಡುವ ಬಗೆಯನ್ನು ನೋಡೋಣ.

ಹಳೆಯ ಮೀಟರಿನ ಹಿಂದೆ ಒಂದು ಕೇಬಲ್ಲು ಇರುತ್ತದೆ. ಅದರ ಇನ್ನೊಂದು ತುದಿ ಜೀಪಿನ ಕೆಳಗೆ, ಗೇರ್‌ಬಾಕ್ಸಿನ ಹಿಂದಿರುವ ಟ್ರಾನ್ಸ್‌ಫರ್ ಕೇಸಿಗೆ ಸೇರಿರುತ್ತದೆ. ಅಲ್ಲಿಂದ ಹಿಂದಿನ ಗಾಲಿಗೆ ಬಲ ಒಯ್ಯುವ ಶಾಫ್ಟು ತಿರುಗಿದಂತೆ ಒಂದು ಸಣ್ಣ ಗೇರು ಕೇಬಲ್ಲಿನ ಒಳತಂತಿಯನ್ನು ತಿರುಗಿಸುತ್ತದೆ. ಮೀಟರಿನೊಳಗೆ ಆ ತಂತಿ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅಯಸ್ಕಾಂತದ ಸುತ್ತ ಅಲ್ಯೂಮಿನಿಯಂ ಬಟ್ಟಲೊಂದು ಇದೆ. ಒಂದಕ್ಕೊಂದು ತಾಕುವುದಿಲ್ಲ. ಆದರೆ ತಿರುಗುವ ಅಯಸ್ಕಾಂತ ಬಟ್ಟಲಿನಲ್ಲಿ ವಿದ್ಯುತ್ತಿನ ಸುಳಿಗಳನ್ನು ಎಬ್ಬಿಸಿ ಅದನ್ನು ತನ್ನ ಜೊತೆಗೆ ಎಳೆಯುತ್ತದೆ. ಕೂದಲಿನಂಥ ಸ್ಪ್ರಿಂಗೊಂದು ಬಟ್ಟಲನ್ನು ಹಿಂದಕ್ಕೆ ಜಗ್ಗುತ್ತದೆ. ಈ ಎರಡರ ಜಗ್ಗಾಟದಲ್ಲಿ ಬಟ್ಟಲು ಎಷ್ಟು ಹೊರಳುವುದೋ ಅಷ್ಟೇ ಮುಳ್ಳು ಏರುತ್ತದೆ. ಈ ಬಗೆಯ ಮೀಟರಿಗೆ ಜರ್ಮನಿಯ ಆಟೋ ಶುಲ್ಜೆ ಎಂಬವರು 1902ರಲ್ಲಿ ಪೇಟೆಂಟ್ ಪಡೆದರು. ಅದೇ ಕೇಬಲ್ಲು ಹಲ್ಲಿನ ಗಾಲಿಗಳ ಮೂಲಕ ಕಿಲೋಮೀಟರಿನ ಅಂಕಿಗಳನ್ನೂ ತಿರುಗಿಸುತ್ತದೆ.

ಇದರಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಮೀಟರಿಗೆ ರಸ್ತೆ ಕಾಣುವುದಿಲ್ಲ. ಅದು ಶಾಫ್ಟಿನ ಸುತ್ತುಗಳನ್ನು ಮಾತ್ರ ಬಲ್ಲದು. ಶಾಫ್ಟು ಇಷ್ಟು ಸುತ್ತಿದರೆ ಜೀಪು ಇಷ್ಟು ದೂರ ಹೋಯಿತು ಎಂಬ ಲೆಕ್ಕವನ್ನು ಕಾರಖಾನೆಯವರು ಗೇರಿನ ಹಲ್ಲುಗಳಲ್ಲಿ ಕೂಡಿಸಿಟ್ಟಿರುತ್ತಾರೆ. ಎಂಜಿನ್ನು ಮಾತ್ರ ಬದಲಾಗಿ ಟ್ರಾನ್ಸ್‌ಫರ್ ಕೇಸು, ಕ್ರೌನ್ ಪಿನಿಯನ್, ಟೈರು ಮೊದಲಿನವೇ ಉಳಿದರೆ ಮೀಟರು ತಪ್ಪುವುದಿಲ್ಲ. ಈ ಮೂರರಲ್ಲಿ ಒಂದು ಬದಲಾದರೂ ಕಾರಖಾನೆಯ ಲೆಕ್ಕ ತಪ್ಪುತ್ತದೆ.

ನಮ್ಮ ರೈತರ ಜೀಪಿನಲ್ಲಿ ಆದದ್ದು ಇದೇ. ಮೊದಲಿದ್ದ ಕ್ರೌನ್ ಪಿನಿಯನ್ನಿನಲ್ಲಿ ದೊಡ್ಡದಕ್ಕೆ 43 ಹಲ್ಲು, ಸಣ್ಣದಕ್ಕೆ 8 ಹಲ್ಲು. 43ನ್ನು 8ರಿಂದ ಭಾಗಿಸಿದರೆ 5.38; ಗಾಲಿ ಒಂದು ಸುತ್ತು ತಿರುಗಲು ಶಾಫ್ಟು 5.38 ಸುತ್ತು ತಿರುಗಬೇಕು. ಹೊಸದರಲ್ಲಿ 39 ಮತ್ತು 8, ಅಂದರೆ 4.88. ಇನ್ನು ಟೈರು: ಮೊದಲಿನದು ಒಂದು ಸುತ್ತಿಗೆ 2.25 ಮೀಟರು ಸಾಗುತ್ತಿತ್ತು, ದೊಡ್ಡದು 2.40 ಮೀಟರು. ಹಿಂದೆ ಒಂದು ಕಿಲೋಮೀಟರಿಗೆ ಶಾಫ್ಟು ಸುಮಾರು 2,391 ಸುತ್ತು ತಿರುಗುತ್ತಿತ್ತು. ಈಗ 2,033 ಸುತ್ತು ಮಾತ್ರ. ಶಾಫ್ಟು ಕಡಿಮೆ ತಿರುಗಿತು, ಮುಳ್ಳು ಕಡಿಮೆ ಏರಿತು. ನಿಜವಾಗಿ 10 ಕಿಲೋಮೀಟರು ಹೋದರೆ ಮೀಟರು 8.5 ಎಂದು ಬರೆದುಕೊಂಡಿತು.

ಇದರಿಂದ ಮನೆಗೆ ಬೇರೆ ಹಾನಿಯೂ ಆಗುತ್ತಿತ್ತು. ಲೀಟರಿಗೆ 12 ಕಿಲೋಮೀಟರು ಕೊಡುವ ಜೀಪು ಲೆಕ್ಕದಲ್ಲಿ 10.2 ಮಾತ್ರ ಕೊಡುತ್ತಿತ್ತು. "ಹೊಸ ಎಂಜಿನ್ನು ಡೀಸೆಲ್ ಕುಡೀತದ" ಎಂದು ಒಳ್ಳೆಯ ಪಂಪನ್ನೇ ಬಿಚ್ಚಿಸಲು ಅವರು ಹೊರಟಿದ್ದರು. 5,000 ಕಿಲೋಮೀಟರಿಗೆ ಆಯಿಲ್ ಬದಲಾಯಿಸಿದೆವೆಂದು ತಿಳಿದಾಗ ಜೀಪು ನಿಜವಾಗಿ ಸುಮಾರು 5,900 ಓಡಿರುತ್ತಿತ್ತು.

ಈಗ ದುರಸ್ತಿಯ ಮಾತಿಗೆ ಬರೋಣ. ಮೀಟರು ಕೆಟ್ಟಿತೆಂದ ಕೂಡಲೇ ಹೊಸದಕ್ಕೆ ರೊಕ್ಕ ಹಾಕಬೇಡಿ. ಮುಳ್ಳು ನಡುಗುತ್ತಿದ್ದರೆ ಕೇಬಲ್ಲು ಒಣಗಿರಬಹುದು, ಇಲ್ಲವೆ ಎಲ್ಲಾದರೂ ಮುರಿದಂತೆ ಬಾಗಿರಬಹುದು. ಒಳತಂತಿ ಹೊರಗೆಳೆದು ಒರೆಸಿ, ತೆಳ್ಳಗೆ ಗ್ರೀಸು ಹಚ್ಚಿ, ಬಾಗು ಸಡಿಲಾಗುವಂತೆ ಕಟ್ಟಿದರೆ ಎಷ್ಟೋ ಸಾರಿ ಸರಿಯಾಗುತ್ತದೆ. ಕಿಲೋಮೀಟರಿನ ಅಂಕಿ ಓಡುತ್ತಿದ್ದು ಮುಳ್ಳು ಮಾತ್ರ ಸತ್ತಿದ್ದರೆ ದೋಷ ಮೀಟರಿನೊಳಗಿದೆ. ಎರಡೂ ಸತ್ತಿದ್ದರೆ ಕೇಬಲ್ಲನ್ನು ಮೀಟರಿನಿಂದ ಬಿಚ್ಚಿ, ಜೀಪನ್ನು ನಾಲ್ಕು ಹೆಜ್ಜೆ ದೂಡಿಸಿ ನೋಡಿರಿ. ಒಳತಂತಿ ತಿರುಗಿದರೆ ಮೀಟರು ಕೆಟ್ಟಿದೆ. ತಿರುಗದಿದ್ದರೆ ಕೇಬಲ್ಲು ಹರಿದಿದೆ, ಇಲ್ಲವೆ ಕೆಳಗಿನ ಸಣ್ಣ ಗೇರು ಸವೆದಿದೆ.

ಆದರೆ ಎಂಜಿನ್ನು ಬದಲಾದ ಜೀಪಿನಲ್ಲಿ ಕೆಲವು ಸಾರಿ ಕೇಬಲ್ಲಿಗೆ ದಾರಿಯೇ ಇರುವುದಿಲ್ಲ. ಡೀಸೆಲ್ ಎಂಜಿನ್ನಿನ ಮೈ ದೊಡ್ಡದು. ಕೇಬಲ್ಲು ಹೊಗೆ ಕೊಳವೆಗೆ ತಾಕಿ ಸುಡುತ್ತದೆ. ಗೇರ್‌ಬಾಕ್ಸು, ಟ್ರಾನ್ಸ್‌ಫರ್ ಕೇಸು ಎರಡೂ ಬೇರೆ ಗಾಡಿಯವಾದರೆ ಹಳೆಯ ಕೇಬಲ್ಲಿನ ತುದಿ ಅಲ್ಲಿ ಕೂರುವುದೇ ಇಲ್ಲ. ನಮ್ಮ ರೈತರ ಜೀಪಿನಲ್ಲಿಯೂ ಮುಂದೆ ಕೇಬಲ್ಲು ಹೊಗೆ ಕೊಳವೆಗೆ ತಾಕಿ ಕರಗಿಯೇ ಹೋಯಿತು. ಆಗ ವಿದ್ಯುತ್ತಿನ ಮೀಟರು ಹಾಕುವುದು ಯೋಗ್ಯ.

ವಿದ್ಯುತ್ತಿನ ಮೀಟರಿನಲ್ಲಿ ಎರಡು ಬಗೆ. ಒಂದು ಸೆನ್ಸರಿನ ಮೀಟರು. ತಿರುಗುವ ಶಾಫ್ಟಿಗೆ ಸಣ್ಣ ಅಯಸ್ಕಾಂತಗಳನ್ನು ಕಟ್ಟುತ್ತಾರೆ. ಎದುರಿಗೆ ಸೆನ್ಸರು ಕೂಡಿಸುತ್ತಾರೆ. ಅಯಸ್ಕಾಂತ ಎದುರಿಗೆ ಬಂದಾಗಲೆಲ್ಲ ಸೆನ್ಸರು ಮೀಟರಿಗೆ ಒಂದು ಮಿಡಿತ ಕಳಿಸುತ್ತದೆ. ಬಾವಿಯ ರಾಟೆ ಎಷ್ಟು ಸುತ್ತಿತೆಂದು ಎಣಿಸಿ ಹಗ್ಗ ಎಷ್ಟು ಇಳಿಯಿತೆಂದು ಹೇಳಿದ ಹಾಗೆ, ಮೀಟರು ಮಿಡಿತಗಳನ್ನು ಎಣಿಸಿ ದೂರವನ್ನೂ ವೇಗವನ್ನೂ ಹೇಳುತ್ತದೆ.

ಇನ್ನೊಂದು ಜಿ.ಪಿ.ಎಸ್. ಮೀಟರು. ಇದು ಆಕಾಶದ ಉಪಗ್ರಹಗಳ ಸಂಕೇತ ಹಿಡಿದು ಜೀಪು ನೆಲದ ಮೇಲೆ ಎಷ್ಟು ಸರಿಯಿತೆಂದು ಲೆಕ್ಕ ಮಾಡುತ್ತದೆ. ಶಾಫ್ಟಿಗೂ ಇದಕ್ಕೂ ಸಂಬಂಧವಿಲ್ಲ. ಟೈರು ಬದಲಾದರೂ ಚಿಂತೆಯಿಲ್ಲ. ಹಾಕುವುದೂ ಸುಲಭ. ಆದರೆ ಗಾಡಿ ಶುರು ಮಾಡಿದಾಗ ಸಂಕೇತ ಹಿಡಿಯಲು ಕೊಂಚ ಹೊತ್ತು ಬೇಕು. ತಗಡಿನ ಛಾವಣಿಯ ಕೆಳಗೆ, ದಟ್ಟ ಮರಗಳ ನಡುವೆ ತಡವರಿಸಬಹುದು. ತೀರ ನಿಧಾನಕ್ಕೆ ಹೋಗುವಾಗ ಅದರ ಅಂಕಿಯನ್ನು ನಂಬಲಾಗದು.

ಕೆಸರಿನಲ್ಲಿ ಈ ಎರಡರ ಗುಣ ಎದ್ದು ಕಾಣುತ್ತದೆ. ಎರೆ ಮಣ್ಣಿನಲ್ಲಿ ಜೀಪು ನಿಂತಲ್ಲೇ ನಿಂತು ಗಾಲಿ ಗರಗರ ತಿರುಗಿದರೆ ಸೆನ್ಸರಿನ ಮೀಟರು "20 ಕಿಲೋಮೀಟರು ವೇಗ" ಎನ್ನುತ್ತದೆ, ಜಿ.ಪಿ.ಎಸ್. ಮೀಟರು "ಸೊನ್ನೆ" ಎನ್ನುತ್ತದೆ. ಒಂದು ಗಾಲಿಯ ಸುದ್ದಿ ಹೇಳಿತು, ಇನ್ನೊಂದು ನೆಲದ ಸುದ್ದಿ ಹೇಳಿತು. ಹೊಲ, ಗಣಿ, ಕಾಡು ಎಂದು ದಿನಾಲೂ ಓಡುವ ಜೀಪಿಗೆ ಸೆನ್ಸರಿನ ಮೀಟರನ್ನು ಕೂಡಿಸಿ, ಅದನ್ನು ಪರೀಕ್ಷಿಸಲು ಮೊಬೈಲ್ ಫೋನಿನ ಜಿ.ಪಿ.ಎಸ್. ಬಳಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಕೂಡಿಸುವ ಕೆಲಸ ತಿಳಿದ ಮಿಸ್ತ್ರಿಯಿಂದ ಆಗಲಿ. ಆದರೆ ನೀವು ಎದುರಿಗೆ ನಿಂತು ಈ ಮಾತುಗಳನ್ನು ಗಮನಿಸಿರಿ.

ಮೊದಲನೆಯದಾಗಿ, ಬ್ಯಾಟರಿಯ ಮೈನಸ್ ತಂತಿ ಬಿಚ್ಚದೆ ಯಾವ ತಂತಿಗೂ ಕೈ ಹಾಕಬಾರದು. ಜೀಪಿನ ಕೆಳಗೆ ನುಸುಳುವ ಮುಂಚೆ ಗಟ್ಟಿ ಸ್ಟ್ಯಾಂಡು ಕೊಡಬೇಕು, ಗಾಲಿಗೆ ಅಡ್ಡ ಕಲ್ಲು ಕೊಡಬೇಕು. ಜಾಕಿನ ಮೇಲಷ್ಟೇ ನಂಬಿಕೆಯಿಟ್ಟು ಕೆಳಗೆ ಮಲಗಬಾರದು.

ಎರಡನೆಯದಾಗಿ, ಕೇಬಲ್ಲು ತೆಗೆದ ತೂತನ್ನು ತೆರೆದು ಬಿಡಬಾರದು. ಗೇರಿನ ಎಣ್ಣೆ ಅಲ್ಲಿಂದ ಸೋರುತ್ತದೆ. ನಮ್ಮ ಕಡೆಯ ಕಲ್ಲಿನ ಪುಡಿ, ದೂಳು ಒಳಗೆ ಹೊಕ್ಕು ಗೇರುಗಳನ್ನು ತಿನ್ನುತ್ತವೆ. ಆ ತೂತಿಗೇ ಕೂರುವ ಸೆನ್ಸರು ಸಿಕ್ಕರೆ ಬಹಳ ಒಳಿತು. ಇಲ್ಲದಿದ್ದರೆ ಅಳತೆಯ ಮುಚ್ಚಳ ಹಾಕಿಸಿರಿ.

ಮೂರನೆಯದಾಗಿ, ಅಯಸ್ಕಾಂತಗಳನ್ನು ಹಿಂದಿನ ಗಾಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟಿನ ಮುಂದಿನ ತುದಿಗೆ, ಟ್ರಾನ್ಸ್‌ಫರ್ ಕೇಸಿನ ಹತ್ತಿರ ಕಟ್ಟಬೇಕು. ಹಿಂದಿನ ತುದಿ ಪಾಟಾಗಳ ಜೊತೆಗೆ ಮೇಲೆ ಕೆಳಗೆ ಆಡುತ್ತದೆ. ಅಲ್ಲಿ ಸೆನ್ಸರಿಗೂ ಅಯಸ್ಕಾಂತಕ್ಕೂ ನಡುವಿನ ಅಂತರ ನಿಲ್ಲುವುದಿಲ್ಲ. ಆ ಅಂತರ ಕೆಲವೇ ಮಿಲಿಮೀಟರು; ಮೀಟರಿನ ಜೊತೆ ಬಂದ ಕಾಗದದಲ್ಲಿ ಎಷ್ಟೆಂದು ಬರೆದಿದೆಯೋ ಅಷ್ಟೇ ಇಡಬೇಕು. ಅಯಸ್ಕಾಂತಗಳು ಎರಡೋ ನಾಲ್ಕೋ ಇರಲಿ, ಎದುರುಬದುರಾಗಿ ಸರಿ ಅಂತರದಲ್ಲಿರಬೇಕು. ಒಂದೇ ಕಡೆ ಭಾರ ಬಿದ್ದರೆ ಶಾಫ್ಟು ನಡುಗೀತು. ಬರಿಯ ಗೋಂದಿಗೆ ನಂಬಬಾರದು. ಸ್ಟೇನ್‌ಲೆಸ್ ಪಟ್ಟಿ ಬಿಗಿಯಬೇಕು.

ನಾಲ್ಕನೆಯದಾಗಿ, ಸೆನ್ಸರು ಗೇರ್‌ಬಾಕ್ಸಿನ ಮೇಲೆ, ಟ್ರಾನ್ಸ್‌ಫರ್ ಕೇಸಿಗಿಂತ ಮುಂಚೆ ಇರಬಾರದು. ಕೆಸರಿನಲ್ಲಿ ನೀವು ಲೋ ಗೇರು ಹಾಕಿದಾಗ ಟ್ರಾನ್ಸ್‌ಫರ್ ಕೇಸು ವೇಗವನ್ನು ಸುಮಾರು ಎರಡೂವರೆ ಪಟ್ಟು ಇಳಿಸುತ್ತದೆ. ಸೆನ್ಸರು ಮುಂದಿದ್ದರೆ ಈ ಇಳಿತ ಅದಕ್ಕೆ ತಿಳಿಯದು. 10 ಕಿಲೋಮೀಟರಿನಲ್ಲಿ ತೆವಳುವ ಜೀಪನ್ನು 25 ಎಂದು ತೋರಿಸೀತು.

ಐದನೆಯದಾಗಿ, ಸೆನ್ಸರಿಗೆ ಸಾಮಾನ್ಯವಾಗಿ ಮೂರು ತಂತಿ: ಒಂದು ವಿದ್ಯುತ್ತು ಕೊಡುವುದು, ಒಂದು ಅರ್ಥಿಂಗು, ಒಂದು ಮಿಡಿತ ಒಯ್ಯುವುದು. ಮೀಟರಿಗೆ ವಿದ್ಯುತ್ತು ಕೀಲಿ ತಿರುಗಿಸಿದ ಮೇಲೆಯೇ ಬರಬೇಕು, ನಡುವೆ ಫ್ಯೂಜು ಇರಬೇಕು. ಮಿಡಿತದ ತಂತಿಯನ್ನು ಆಲ್ಟರ್ನೇಟರಿನ ದಪ್ಪ ತಂತಿಗಳಿಂದಲೂ, ಹೊಗೆ ಕೊಳವೆಯಿಂದಲೂ ದೂರ ಒಯ್ಯಬೇಕು. ಇಲ್ಲದಿದ್ದರೆ ನಿಂತ ಜೀಪಿನಲ್ಲಿಯೂ ಅಂಕಿ ಕುಣಿಯುತ್ತದೆ. ಕೊಳ್ಳುವ ಮುಂಚೆಯೇ ಜೀಪಿನ ಬ್ಯಾಟರಿ 12 ವೋಲ್ಟಿನದು ಹೌದೋ ಅಲ್ಲವೋ ನೋಡಿಕೊಳ್ಳಿರಿ; ಬಹಳ ಹಳೆಯ ಜೀಪುಗಳಲ್ಲಿ 6 ವೋಲ್ಟಿನದೂ ಇತ್ತು. ಹೊಸ ಮೀಟರಿನಲ್ಲಿ ಡೀಸೆಲ್ ಮುಳ್ಳೂ ಇದ್ದರೆ ಅದು ನಿಮ್ಮ ಟ್ಯಾಂಕಿನ ತೇಲುಗುಂಡಿಗೆ ಹೊಂದುವುದೋ ಎಂದು ಕೇಳಿರಿ. ಹೊಂದದಿದ್ದರೆ ಖಾಲಿ ಟ್ಯಾಂಕನ್ನು ಅರ್ಧ ತುಂಬಿದೆ ಎಂದೀತು.

ಇಷ್ಟಾದರೆ ಕೆಲಸ ಮುಗಿಯಿತೆಂದು ತಿಳಿಯಬೇಡಿ. ಮುಖ್ಯವಾದದ್ದು ಇನ್ನು ಮುಂದಿದೆ. ನಮ್ಮ ರೈತರು ಹೊಸ ಮೀಟರು ಹಾಕಿಸಿಕೊಂಡು, ಹಸಿರು ಅಂಕಿ ಹೊಳೆಯುವುದನ್ನು ನೋಡಿ ಸಂತೋಷದಿಂದ ಮನೆಗೆ ಬಂದರು. ಮಗಳು ಮತ್ತೆ ಗಡಿಯಾರ ಹಿಡಿದಳು. ಮತ್ತೆ ಅದೇ 61 ಸೆಕೆಂಡು! ಮಿಸ್ತ್ರಿ ಮೀಟರಿಗೆ ಹಳೆಯ ಜೀಪಿನ ಲೆಕ್ಕವನ್ನೇ ಕೊಟ್ಟಿದ್ದ. ಅಂಕಿ ಹೊಸದಾಗಿ ಹೊಳೆದರೂ ಸುಳ್ಳು ಮಾತ್ರ ಹಳೆಯದೇ ಉಳಿಯಿತು. ವಿದ್ಯುತ್ತಿನ ಮೀಟರಿಗೆ ಒಂದು ಕಿಲೋಮೀಟರಿಗೆ ಎಷ್ಟು ಮಿಡಿತ ಎಂಬ ಸಂಖ್ಯೆಯನ್ನು ನಾವೇ ಹೇಳಿಕೊಡಬೇಕು. ತಪ್ಪು ಹೇಳಿದರೆ ಅದು ತಪ್ಪನ್ನೇ ನಂಬಿ ನಡೆಯುತ್ತದೆ.

ಆ ಸಂಖ್ಯೆ ಕಂಡುಹಿಡಿಯುವುದು ಕಷ್ಟವೇನಲ್ಲ. ಟೈರಿಗೆ ಸರಿಯಾಗಿ ಗಾಳಿ ಹಾಕಿಸಿ, ದಿನಾಲೂ ಹೇರುವಷ್ಟು ಭಾರ ಹೇರಿರಿ. ಸಮ ನೆಲದ ಮೇಲೆ ಹಿಂದಿನ ಟೈರು ನೆಲಕ್ಕೆ ತಾಕುವಲ್ಲಿ ಟೈರಿಗೂ ನೆಲಕ್ಕೂ ಸುಣ್ಣದ ಗುರುತು ಹಾಕಿರಿ. ಟೈರು 10 ಸುತ್ತು ತಿರುಗುವವರೆಗೆ ಜೀಪನ್ನು ನೆಟ್ಟಗೆ ದೂಡಿಸಿ, ಮತ್ತೊಂದು ಗುರುತು ಹಾಕಿ, ನಡುವಿನ ದೂರವನ್ನು ಟೇಪಿನಿಂದ ಅಳೆಯಿರಿ. ಅದನ್ನು 10ರಿಂದ ಭಾಗಿಸಿರಿ. ನಮ್ಮ ರೈತರ ಅಂಗಳದಲ್ಲಿ 24 ಮೀಟರು ಬಂದಿತು. ಒಂದು ಸುತ್ತಿಗೆ 2.40.

1,000 ಮೀಟರನ್ನು 2.40ರಿಂದ ಭಾಗಿಸಿದರೆ ಗಾಲಿ ಕಿಲೋಮೀಟರಿಗೆ ಸುಮಾರು 416.7 ಸುತ್ತು. ಅದನ್ನು ಕ್ರೌನ್ ಪಿನಿಯನ್ನಿನ 4.88ರಿಂದ ಗುಣಿಸಿದರೆ ಶಾಫ್ಟಿನ ಸುತ್ತು 2,033. ಶಾಫ್ಟಿನ ಮೇಲೆ 4 ಅಯಸ್ಕಾಂತ ಇದ್ದವು. ಆದ್ದರಿಂದ ಕಿಲೋಮೀಟರಿಗೆ 8,133 ಮಿಡಿತ. ಮಿಸ್ತ್ರಿ ಕೊಟ್ಟ ಸಂಖ್ಯೆ 9,564 ಆಗಿತ್ತು. ತಪ್ಪು ಇಲ್ಲಿಯೇ ಇತ್ತು.

ಕ್ರೌನ್ ಪಿನಿಯನ್ನಿನ ಹಲ್ಲು ಗೊತ್ತಿಲ್ಲದಿದ್ದರೂ ಅಡ್ಡಿಯಿಲ್ಲ. ಕಿಲೋಮೀಟರ್ ಕಲ್ಲುಗಳಿರುವ ನೇರ ರಸ್ತೆಯಲ್ಲಿ 10 ಕಿಲೋಮೀಟರು ಓಡಿಸಿ, ಮೀಟರು ಎಷ್ಟು ತೋರಿಸಿತೆಂದು ಬರೆದುಕೊಳ್ಳಿರಿ. ಮೀಟರಿನಲ್ಲಿರುವ ಸಂಖ್ಯೆಯನ್ನು ಅದು ತೋರಿಸಿದ ಕಿಲೋಮೀಟರಿನಿಂದ ಗುಣಿಸಿ, ನಿಜವಾದ ಕಿಲೋಮೀಟರಿನಿಂದ ಭಾಗಿಸಿರಿ. 9,564ನ್ನು 8.5ರಿಂದ ಗುಣಿಸಿ 10ರಿಂದ ಭಾಗಿಸಿದರೆ 8,129. ಅಂಗಳದಲ್ಲಿ ಅಳೆದದ್ದಕ್ಕೂ ರಸ್ತೆಯಲ್ಲಿ ಅಳೆದದ್ದಕ್ಕೂ ವ್ಯತ್ಯಾಸ ನಾಲ್ಕೇ ಮಿಡಿತ! ಕೆಲವು ಮೀಟರುಗಳು ಇನ್ನೂ ಸುಲಭ. ಹೊರಡುವಾಗ ಒಂದು ಗುಂಡಿ ಒತ್ತಿ, ಗೊತ್ತಿದ್ದ ದೂರ ಓಡಿಸಿ ಮತ್ತೊಮ್ಮೆ ಒತ್ತಿದರೆ ತಾವೇ ಎಣಿಸಿಕೊಳ್ಳುತ್ತವೆ. ಒಂದು ಕಲ್ಲು ಸರಿಯಾದ ಜಾಗದಲ್ಲಿ ಇಲ್ಲದಿರಬಹುದು. ಆದ್ದರಿಂದ ಒಂದೇ ಕಿಲೋಮೀಟರಿಗೆ ನಂಬದೆ ಹತ್ತು ಕಿಲೋಮೀಟರು ನೋಡಬೇಕು.

ಕೊನೆಗೆ ಗಡಿಯಾರದ ಪರೀಕ್ಷೆ. ಮುಳ್ಳನ್ನು ಒಂದೇ ವೇಗದಲ್ಲಿ ಹಿಡಿದು ಒಂದು ಕಿಲೋಮೀಟರಿಗೆ ಹಿಡಿದ ಸೆಕೆಂಡುಗಳಿಂದ 3,600ನ್ನು ಭಾಗಿಸಿರಿ. ಬಂದದ್ದೇ ನಿಜವಾದ ವೇಗ. 90 ಸೆಕೆಂಡು ಹಿಡಿದರೆ 40, 72 ಹಿಡಿದರೆ 50, 60 ಹಿಡಿದರೆ 60. ಸೆಕೆಂಡು ಎಣಿಸುವುದು ಪಕ್ಕದಲ್ಲಿ ಕುಳಿತವರ ಕೆಲಸ. ಚಾಲಕನ ಕಣ್ಣು ರಸ್ತೆಯ ಮೇಲೇ ಇರಲಿ. ವಿಶ್ವಸಂಸ್ಥೆಯ ಆಶ್ರಯದಲ್ಲಿ ಮಾಡಿದ ವಾಹನ ನಿಯಮಗಳಲ್ಲಿ 39ನೆಯದು ಈ ಮೀಟರಿನದು. ಮೀಟರು ನಿಜವಾದ ವೇಗಕ್ಕಿಂತ ಕೊಂಚ ಹೆಚ್ಚು ತೋರಿಸಿದರೆ ನಡೆದೀತು, ಕಡಿಮೆ ಮಾತ್ರ ತೋರಿಸಕೂಡದು ಎಂಬುದು ಅದರ ಸಾರ. ನಾವೂ ಅದೇ ನೀತಿ ಇಟ್ಟುಕೊಳ್ಳೋಣ.

ಕಾನೂನಿನ ವಿಷಯ ಎರಡು ಮಾತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಇಂಥ ಗಾಡಿಗೆ ವೇಗದ ಮೀಟರು ಇರಲೇಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಗಾಡಿಯ ಬದಲಾವಣೆಗೆ ಸಂಬಂಧಿಸಿದ್ದು. ಎಂಜಿನ್ನು ಬದಲಾಯಿಸುವ ಮುಂಚೆಯೇ ಆರ್.ಟಿ.ಓ. ಕಛೇರಿಯಲ್ಲಿ ವಿಚಾರಿಸಿ ಅನುಮತಿ ಪಡೆದು, ಹೊಸ ಎಂಜಿನ್ನಿನ ನಂಬರು ಆರ್.ಸಿ. ಪುಸ್ತಕದಲ್ಲಿ ಸೇರಿಸಿಕೊಳ್ಳಬೇಕು. ಅನುಮತಿ ಸಿಗದ ಬದಲಾವಣೆಗೆ ಕೈ ಹಾಕಬೇಡಿ. ಅಪಘಾತವಾದ ದಿನ ವಿಮೆಯವರು ಕೇಳುವ ಮೊದಲ ಪ್ರಶ್ನೆ ಅದೇ ಆದೀತು.

ಹಳೆಯ ಮೀಟರು ತೆಗೆದ ದಿನ ಅದರಲ್ಲಿದ್ದ ಕಿಲೋಮೀಟರು, ಹೊಸದು ಶುರುವಾದ ಅಂಕಿ, ಮೀಟರಿಗೆ ಕೊಟ್ಟ ಸಂಖ್ಯೆ, ತಾರೀಖು ಇವಿಷ್ಟನ್ನು ಮನೆಯ ಲೆಕ್ಕದ ವಹಿಯಲ್ಲಿ ಬರೆದಿಡಿರಿ. ಮುಂದೆ ಜೀಪು ಮಾರುವಾಗ ಕೊಳ್ಳುವವನಿಗೆ ಆ ಪುಟ ತೋರಿಸಿರಿ. ಜೀಪು ಎಷ್ಟು ಓಡಿದೆಯೆಂದು ಮರೆಮಾಚಿ ಮಾರುವುದು ಕಲ್ಲು ಬೆರೆಸಿ ತೊಗರಿ ಮಾರಿದ ಹಾಗೆ. ಟೈರಿನ ಅಳತೆ ಬದಲಾದಾಗಲೆಲ್ಲ ಸಂಖ್ಯೆಯನ್ನು ಹೊಸದಾಗಿ ಲೆಕ್ಕ ಮಾಡಬೇಕೆಂಬುದನ್ನೂ ಅಲ್ಲಿಯೇ ಬರೆದಿಡಿರಿ.

ತಾಯಂದಿರಿಗೆ, ಓದುವ ಮಕ್ಕಳಿಗೆ ನನ್ನದೊಂದು ವಿನಂತಿ. ಗಾಡಿಯ ವಿಷಯ ಗಂಡಸರದು, ಗ್ಯಾರೇಜಿನವರದು ಎಂದು ಸುಮ್ಮನಿರಬೇಡಿ. ಈ ಲೆಕ್ಕಕ್ಕೆ ಬೇಕಾದದ್ದು ಸುಣ್ಣ, ಟೇಪು, ಗಡಿಯಾರ ಮತ್ತು ಮಗ್ಗಿ. ಜೀಪಿನಲ್ಲಿ ಕೂರುವವರೆಲ್ಲರ ಜೀವವೂ ಆ ಮೀಟರಿನ ಮೇಲಿರುತ್ತದೆ. ಕೇಳುವ ಹಕ್ಕೂ ಎಲ್ಲರಿಗೂ ಇದೆ.

ಆ ರೈತರ ತಾಯಿಯ ಕೈ ಕೂಡಿತು. ಅವರು ಜೀಪು ಹತ್ತುವಾಗ ಈಗ ಮೊಮ್ಮಗಳನ್ನು ಕೇಳುತ್ತಾರಂತೆ: "ಮೀಟರು ಖರೇ ಹೇಳ್ತದೇನವ್ವಾ?" ಮೊಮ್ಮಗಳು "ಹೇಳ್ತದ ಅಮ್ಮಾ, ಕೂಡು" ಎಂದ ಮೇಲೆಯೇ ಜೀಪು ಹೊರಡುತ್ತದೆ. ನಿಮ್ಮ ಮನೆಯ ಜೀಪಿಗೂ ಒಂದು ದಿನ ಬಿಡುವು ಮಾಡಿಕೊಂಡು ಈ ಪರೀಕ್ಷೆ ಮಾಡಿರಿ. ಮೊದಲು ಕಿಲೋಮೀಟರ್ ಕಲ್ಲನ್ನು ಕೇಳಿರಿ, ಆಮೇಲೆ ಮೀಟರನ್ನು ನಂಬಿರಿ.